ಅವ್ವನ ಕುರಿ, ಮಾಮಾನ ಹಿಂಡು

ಕಳೆದ ವಾರ ಯಾದಗಿರಿಯಲ್ಲಿ ಕುಪ್ಪಸದ ಬಟ್ಟೆ ಕೊಳ್ಳಲು ಒಂದು ಅಂಗಡಿಗೆ ಹೋಗಿದ್ದೆ. ಗಲ್ಲೆಯಲ್ಲಿ ಕೂತಿದ್ದ ಹುಡುಗಿ ಟ್ಯಾಬನ್ನು ನನ್ನ ಕಡೆ ತಿರುಗಿಸಿ, "ಅಕ್ಕಾರ, ಇದರಾಗ ನಿಮ್ಮ ಹೆಸರು ಹೊಡೀರಿ, ಆಮ್ಯಾಲೆ ಬಿಲ್ ಬರ್ತದ" ಅಂದಳು. ಹೊರಗೆ ಜಿನುಗು ಮಳೆ. ಅದೇ ಹೊತ್ತಿಗೆ ರಸ್ತೆಯಲ್ಲಿ ಕುರಿಹಿಂಡೊಂದು ಹಾಯ್ದು ಹೋಯಿತು. ನೆಂದ ಉಣ್ಣೆ, ಹಿಕ್ಕೆ, ಕಂಬಳಿ ಎಲ್ಲ ಕೂಡಿದ ವಾಸನೆ ಬಾಗಿಲಿನಿಂದ ಒಳಗೆ ನುಗ್ಗಿತು. ಎದುರಿಗೆ ಬೆಳಗುವ ಆ ಹಲಗೆ, ಬೆನ್ನಿಗೆ ಆ ವಾಸನೆ. ನನಗೆ ಎಂಥ ಸಿಟ್ಟು ಬಂತೆಂದರೆ, ಕತ್ತರಿಸಿಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ. "ಯಾಕ್ರೀ ಅಕ್ಕಾರ, ನಾ ಏನಂದೆ?" ಎಂದು ಆ ಹುಡುಗಿ ಹಿಂದಿನಿಂದ ಕೂಗಿದಳು. ಅವಳದೇನೂ ತಪ್ಪಿರಲಿಲ್ಲ. ಮರುದಿನ ಹೋಗಿ ಬಟ್ಟೆ ತಂದೆ, ಹೆಸರನ್ನೂ ಹೊಡೆದೆ.

ಆ ಸಿಟ್ಟು ಬೋನಾಳದ ಒಂದು ಮಳೆಗಾಲದ್ದು. ಕೆಲವು ವರ್ಷಗಳೇ ಆದವು, ಇನ್ನೂ ಆರಿಲ್ಲ. ಸಿಟ್ಟು ಇಟ್ಟುಕೊಂಡವರ ನೆನಪನ್ನು ಪೂರ್ತಿ ನಂಬಬಾರದು, ಅದು ತನಗೆ ಬೇಕಾದ ಮಾತುಗಳನ್ನಷ್ಟೇ ಎತ್ತಿಟ್ಟುಕೊಳ್ಳುತ್ತದೆ. ನಾನು ದಿನಚರಿ ಬರೆಯುವವಳು. ಇದನ್ನು ಬರೆಯುವ ಮುನ್ನ ಆ ವರ್ಷದ್ದನ್ನು ತೆಗೆದು ನೋಡಿದೆ. ಮಳೆ, ತಪ್ಪಿದ ಬಸ್ಸು, ತಿದ್ದದೆ ಉಳಿದ ಉತ್ತರಪತ್ರಿಕೆ, ಇವೇ ತುಂಬಿವೆ. ಎಲ್ಲಕ್ಕಿಂತ ಮುಖ್ಯವೆಂದು ಈಗ ನಾನು ಹೇಳುವ ದಿನದ ಕೆಳಗೆ, ಸುರಪುರದ ಬಸ್ಸು ತಡ, ನಿಂತೇ ಬಂದೆ, ಕಾಲು ನೋವು ಎಂದಷ್ಟೇ ಇದೆ. ಹಾಗಾಗಿ ಎಲ್ಲಿ ನನಗೆ ಖಾತ್ರಿ ಇಲ್ಲವೋ ಅಲ್ಲಿ ಇಲ್ಲ ಎಂದೇ ಹೇಳುತ್ತೇನೆ. ಸಿಟ್ಟಿನ ಬಗ್ಗೆ ಮಾತ್ರ ಖಾತ್ರಿ ಇದೆ.

ನನ್ನ ಅವ್ವ ಭೀಮವ್ವ. ಅವಳನ್ನು ದೋರನಹಳ್ಳಿಗೆ ಕೊಟ್ಟಿದ್ದರು. ಅಪ್ಪ ಬೇಗ ತೀರಿಕೊಂಡ, ಅವಳು ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ತವರಾದ ಬೋನಾಳಕ್ಕೆ ವಾಪಸು ಬಂದಳು. ಅಲ್ಲಿ ಅವಳ ಅಣ್ಣ ಬೀರಪ್ಪ, ನನಗೆ ಮಾಮಾ. ನಮ್ಮದು ಕುರಿ ಕಾಯುವ ಮನೆತನ. ಮಗಳನ್ನು ಕೊಟ್ಟು ಕಳಿಸುವಾಗ ಅಪ್ಪನಾದವನು ಒಂದು ಹೆಣ್ಣುಕುರಿಯನ್ನು ಅವಳ ಪಾಲಿಗೆ ಬಿಡುವುದು ನಮ್ಮಲ್ಲಿ ರೂಢಿ. ಆ ಕುರಿ ಗಂಡನ ಮನೆಗೆ ಹೋಗುವುದಿಲ್ಲ, ತವರಿನ ಹಿಂಡಿನಲ್ಲೇ ಮೇಯುತ್ತದೆ. ಅದರ ಮರಿ, ಮರಿಯ ಮರಿ ಎಲ್ಲವೂ ಅವಳವೇ. ಗುರುತಿಗೆಂದು ಎಡಗಿವಿಯ ತುದಿಯನ್ನು ಸ್ವಲ್ಪ ಸೀಳುತ್ತಾರೆ. ಅಣ್ಣ ಕಾಯುತ್ತಾನೆ, ತಂಗಿಯ ಕುರಿ ಮಾರಿದಾಗ ರೊಕ್ಕ ತಂಗಿಯ ಸೆರಗಿಗೆ ಬೀಳುತ್ತದೆ. ಬರಹ ಇಲ್ಲ, ಸಾಕ್ಷಿ ಇಲ್ಲ. ಹಿಂಡು ಮಾತ್ರ ಯಾವತ್ತೂ ಹಿರಿಯನ ಹೆಸರಿನದು. ಊರಲ್ಲಿ ಯಾರನ್ನು ಕೇಳಿದರೂ 'ಬೀರಪ್ಪನ ಹಿಂಡು' ಎನ್ನುತ್ತಿದ್ದರು, ಅದರಲ್ಲಿ ಅವ್ವನ ಕುರಿ ಯಾವುವು ಎಂಬುದೂ ಅದೇ ಜನಕ್ಕೆ ಗೊತ್ತಿತ್ತು. ಎಷ್ಟು ಕುರಿ ಎಂದು ನಾನಿಲ್ಲಿ ಬರೆಯುವುದಿಲ್ಲ. ಎಣಿಕೆಯನ್ನು ಬಾಯಿಬಿಟ್ಟು ಹೇಳಿದರೆ ಹಿಂಡಿಗೆ ನೆದರು, ಕೆಟ್ಟ ಕಣ್ಣು, ತಾಗುತ್ತದೆ ಎನ್ನುತ್ತಾರೆ. ಅದನ್ನು ನಾನು ನಂಬುವುದಿಲ್ಲ. ಆದರೂ ಬರೆಯುವುದಿಲ್ಲ.

ನಾನು ಕಲಬುರಗಿಯಲ್ಲಿ ಎಂ.ಕಾಂ. ಓದಿದ್ದು ಆ ಎಡಗಿವಿ ಸೀಳಿದ ಕುರಿಗಳ ಮೇಲೆ. ಹಾಸ್ಟೆಲಿಗೆ ಅವ್ವ ಬಂದಾಗಲೆಲ್ಲ ಯಾವ ಕುರಿ ಮಾರಿ ಬಂದಳೆಂದು ಹೇಳುತ್ತಿದ್ದಳು. "ಆ ಕರೀ ಮುಖದ್ದು ಕೊಟ್ಟೆ ಬೇ. ಭಾಳ ತುಂಟಿತ್ತು, ಹೋಗ್ಲಿ ಬಿಡು."

ಮಾರುವುದು ಸುರಪುರದ ಸಂತೆಯಲ್ಲಿ. ನಮ್ಮ ದಲಾಲಿ ಕಾಸಿಂಸಾಬ್. ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹೊದಿಸಿ, ಅದರ ಕೆಳಗೆ ಇಷ್ಟು ಬೆರಳಿಗೆ ಇಷ್ಟು ರೊಕ್ಕ ಎಂದು ಬೆರಳು ಹಿಡಿದು ಒತ್ತಿ ವ್ಯಾಪಾರ ಮುಗಿಸುತ್ತಿದ್ದರು. ಮೇಲೆ ಮಾತ್ರ ಹವಾಮಾನದ ಮಾತು, ಮೊಮ್ಮಕ್ಕಳ ಮಾತು, ಬೈಗುಳ. ಮಾಮಾನ ಕುರಿಗಳದು ಮುಗಿದ ಮೇಲೆ ಕಾಸಿಂಸಾಬ್ ವಲ್ಲಿ ಝಾಡಿಸಿ ಮತ್ತೆ ಹೊದಿಸುತ್ತಿದ್ದ. "ಹ್ಞಾಂ, ಈಗ ತಂಗೀದು. ತಂಗೀದು ಬ್ಯಾರೆ ಹಿಸಾಬ್." ಆ ರೊಕ್ಕವನ್ನು ಮಾಮಾನ ಕೈಗಲ್ಲ, ಅವ್ವನ ಕೈಗೇ ಕೊಡುತ್ತಿದ್ದ. "ನೋಡ್ಕೋ ಭೀಮವ್ವ. ಆಮ್ಯಾಲೆ ಕಾಸಿಂ ಕಳ್ಳ ಅನಬ್ಯಾಡ."

"ನೀ ಕಳ್ಳ ಅಂತ ನೋಡೂಕಿಂತ ಮೊದಲs ಗೊತ್ತೈತಿ" ಎನ್ನುತ್ತಿದ್ದಳು ಅವ್ವ.

ಅವನು ಕಳ್ಳನೇ. ಕೊಳ್ಳುವವನ ಬೆರಳಿಗೂ ಮಾರುವವನ ಬೆರಳಿಗೂ ನಡುವೆ ಒಂದು ಬೆರಳು ಅವನ ಹೊಟ್ಟೆಗೆ ಹೋಗುತ್ತಿತ್ತು. ಆ ಕಾಲವನ್ನು ಚಂದ ಮಾಡಿ ಹೇಳುವ ಇರಾದೆ ನನಗಿಲ್ಲ. ಅವನು ಅವ್ವನಿಗೆ ಮೋಸ ಮಾಡುತ್ತಿದ್ದ. ಆದರೆ ಅವ್ವನಿಗೇ ಮಾಡುತ್ತಿದ್ದ. ಎದುರು ಒಬ್ಬ ಒಡತಿ ನಿಂತಿದ್ದಾಳೆ, ಕುರಿ ಅವಳವು ಎಂದು ಒಪ್ಪಿಕೊಂಡೇ ಮೋಸ ಮಾಡುತ್ತಿದ್ದ. ಇದು ದೊಡ್ಡ ಮಾತೆಂದು ಆಗ ನನಗೆ ಹೊಳೆದಿರಲಿಲ್ಲ.

ಆ ವರ್ಷ ನಾನು ಶಹಾಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬೋನಾಳದಿಂದ ಸುರಪುರ, ಸುರಪುರದಿಂದ ಶಹಾಪುರ, ದಿನವೂ ಬಸ್ಸು. ಬಿ.ಕಾಂ. ಹುಡುಗರಿಗೆ ಒಂದು ಪಾಠವಿತ್ತು, ಹೊಸ ತಂತ್ರಜ್ಞಾನ ಬಂದು ಹಳೆಯ ವ್ಯಾಪಾರವನ್ನು ಬುಡಮೇಲು ಮಾಡುವ ಬಗೆ. ಉದಾಹರಣೆಗೆ ನಾನು ಟ್ಯಾಬನ್ನು ತೆಗೆದುಕೊಂಡಿದ್ದೆ. ಅಂಗೈಯಗಲದ ಒಂದು ಹಲಗೆ ರಿಜಿಸ್ಟರನ್ನು ನುಂಗಿತು, ಕ್ಯಾಮೆರಾ ನುಂಗಿತು, ಲೆಕ್ಕದ ಯಂತ್ರ ನುಂಗಿತು, ಹೋಟೆಲಿನ ಮಾಣಿಯ ಚೀಟಿ ನುಂಗಿತು, ಈಗ ನಡುವಿನ ದಲಾಲಿಯನ್ನು ನುಂಗಲಿದೆ ಎಂದು ಕೈಯಾಡಿಸಿ ಹೇಳಿದ್ದೆ. ಹಿಂದಿನ ಬೆಂಚಿನಿಂದ ಒಬ್ಬಳು, "ಮೇಡಂ, ನಮ್ಮೂರಾಗ ಕುರಿ ಖರೀದಿಗೂ ಟ್ಯಾಬ್ ಹಿಡ್ಕೊಂಡು ಬರಾಕತ್ಯಾರ್ರೀ. ಅದರಿಂದ ನುಕ್ಸಾನ ಯಾರಿಗ್ರೀ?" ಎಂದು ಕೇಳಿದಳು. "ದಲಾಲಿಗೆ" ಎಂದೆ. ಕ್ಲಾಸು ನಕ್ಕಿತು.

ಬೋನಾಳಕ್ಕೂ ಅವರು ಬಂದರು. ಮುಂಗಾರು ತೆರೆಯುವ ಮಿರಗದ ಮಳೆ ಹತ್ತಿದ ಸುಮಾರು. ಬೇಸಿಗೆಯೆಲ್ಲ ಕಾಲುವೆ ಪಕ್ಕದ ಭತ್ತದ ಹೊಲಗಳಲ್ಲಿ ಗೊಬ್ಬರಕ್ಕೆಂದು ತಂಗಿದ್ದ ಹಿಂಡುಗಳು ಊರಿಗೆ ಮರಳಿದ್ದವು. ಕೆರೆಯ ಮೇಲ್ದಂಡೆಯಲ್ಲಿ ಕುರಿ ಕೂಡುವ ದಡ್ಡಿ ಹಾಕಿ, ಸುತ್ತ ಬಲೆ ಕಟ್ಟಿದ್ದರು. ಬೈಕಿನ ಮೇಲೆ ಬಂದವನು ಮಹೇಶ, ಬಳಿಚಕ್ರದವನು, ಕುರಿ ಕೊಳ್ಳುವ ಒಂದು ಹೊಸ ಕಂಪನಿಯ ಖರೀದಿದಾರ. ಟ್ಯಾಬನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದ.

"ದಲಾಲಿ ಇಲ್ಲ, ವಲ್ಲಿ ಇಲ್ಲ, ಬೆರಳಿಲ್ಲ" ಎಂದು ಶುರು ಮಾಡಿದ. "ಕುರಿ ತೂಗ್ತೀವಿ. ರೇಟು ಇದರಾಗ ಕಾಣ್ತದ. ರೊಕ್ಕ ಸಂಜೀಕ ನಿಮ್ಮ ಬ್ಯಾಂಕಿಗೆ. ಮಾಲು ಸೀದಾ ಹೈದರಾಬಾದಿಗೆ."

"ತೂಗೋವಾಗ ಕುರಿ ಹಿಕ್ಕಿ ಹಾಕಿದ್ರ ಸಾಹೇಬ್ರ, ಅದನ್ನ ಯಾರ ಹಿಸಾಬಿಗೆ ಹಿಡೀತೀರಿ?" ಎಂದು ಯಾರೋ ಕೇಳಿದರು.

"ಅದನ್ನ ನಿಮಗs ಬಿಡ್ತೀವ್ರೀ, ಹೊಲಕ್ಕ ಹಾಕ್ಕೋರಿ" ಎಂದ ಮಹೇಶ. ಎಲ್ಲರೂ ನಕ್ಕರು. ಅಷ್ಟರಲ್ಲೇ ಅವನು ಅರ್ಧ ಗೆದ್ದಿದ್ದ.

ಮಾಮಾ ಮಾತ್ರ ಕಂಬಳಿ ಸರಿಪಡಿಸಿಕೊಳ್ಳುತ್ತ, "ನಮ್ಮಾಗ ಹಿಂಡು ಎಣಿಸಂಗಿಲ್ಲಪಾ" ಅಂದ.

"ನೀವು ಎಣಿಸಬ್ಯಾಡ್ರಿ ಕಾಕಾ. ಈ ಹಲಗಿ ಕಣ್ಣು ಎಣಿಸ್ತದ."

"ಅದರ ನೆದರು ಬಿದ್ರ?"

"ಬಿದ್ರ ಕಂಪನಿಗೆ ಬೀಳ್ತದ್ರೀ. ನಿಮ್ಮ ಮ್ಯಾಗ ಯಾಕ ಬೀಳ್ತದ?"

ಮಾಮಾ ನಕ್ಕುಬಿಟ್ಟ. ಆ ನಗು ಚೆನ್ನಾಗಿ ನೆನಪಿದೆ, ಮೇಲಿನ ಹಲ್ಲೊಂದು ಬಿದ್ದಿತ್ತು.

ಆಮೇಲೆ ಮಹೇಶ ಟ್ಯಾಬು ತೆರೆದು, ಸುತ್ತ ನೋಡಿ, "ಈ ಹಿಂಡು ಯಾರದ್ರೀ?" ಎಂದು ಕೇಳಿದ. ಅವನಿಗೆ ತೀರ ಹತ್ತಿರ ಇದ್ದವಳು ಅವ್ವ. ಮರಿಯೊಂದಕ್ಕೆ ಬೇವಿನೆಣ್ಣೆ ಹಚ್ಚುತ್ತಿದ್ದಳು. ತಲೆ ಎತ್ತದೆ, "ನಮ್ಮಣ್ಣಂದು" ಎಂದಳು.

ನಮ್ಮ ಸೀಮೆಯಲ್ಲಿ ಆ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ಹಿಂಡಿನ ಹೆಸರು ಹೇಳಿದರೆ ಕುರಿ ಯಾರ್‍ಯಾರವು ಎಂದು ಇನ್ನೂ ಕೇಳುವುದಿದೆ ಎಂದೇ ಅರ್ಥ. ಕಾಸಿಂಸಾಬ್ ಆಗಿದ್ದರೆ ಕೇಳುತ್ತಿದ್ದ. ಮಹೇಶ ಕೇಳಲಿಲ್ಲ, ಕೇಳು ಎಂದು ಟ್ಯಾಬು ಅವನಿಗೆ ಹೇಳಲಿಲ್ಲ. ಯಜಮಾನನ ಹೆಸರು ಬೀರಪ್ಪ ಎಂದು ಹೊಡೆದ. ಮಾಮಾನ ಫೋಟೋ ತೆಗೆದ, ಹೆಬ್ಬೆರಳು ಒತ್ತಿಸಿಕೊಂಡ. ಒಂದು ಹಿಂಡಿಗೆ ಒಂದು ಹೆಸರು, ಒಂದು ಫೋನು, ಒಂದು ಬ್ಯಾಂಕು. ಪ್ರತಿ ಕುರಿಯ ಕಿವಿಗೂ ಹಳದಿ ಬಿಲ್ಲೆ ಹೊಡೆದರು. ಹೊಡೆದದ್ದು ಎಡಗಿವಿಗೆ.

ಇಲ್ಲಿ ನಿಲ್ಲಬೇಕು. ಅವ್ವ ಹಾಗೆ ಹೇಳಿದ್ದನ್ನು ನಾನು ನಿಜಕ್ಕೂ ಕೇಳಿದೆನೆ? ಆಮೇಲೆ ಜಗಳವಾದಾಗಲೆಲ್ಲ ಮಾಮಾ "ನೀನs ಅಂದೀ, ಎಲ್ಲರ ಮುಂದ ಅಂದೀ" ಎನ್ನುತ್ತಿದ್ದ. ಅವ್ವ "ನಾ ಅಂದಿಲ್ಲ, ಅಂವ ತಾನs ಬರಕೊಂಡ" ಎನ್ನುತ್ತಾಳೆ, ಇವತ್ತಿಗೂ. ನಾನು ಅಲ್ಲೇ ಇದ್ದೆ ಎಂದು ನನಗನ್ನಿಸುತ್ತದೆ. ದಿನಚರಿ ನೋಡಿದರೆ ಆ ದಿನ ನನ್ನ ಬಸ್ಸು ತಡವಾಗಿದೆ. ಮಾಮಾ ಅಷ್ಟು ಸಲ ಹೇಳಿದ್ದರಿಂದಲೇ ಬೇವಿನೆಣ್ಣೆಯ ಚಿತ್ರವನ್ನು ನಾನು ಕಟ್ಟಿಕೊಂಡಿರಬಹುದು. ಆದರೆ ಅವಳು ಹೇಳಿರಲಿ, ಹೇಳದಿರಲಿ, ಸುಳ್ಳಂತೂ ಯಾರೂ ಹೇಳಿರಲಿಲ್ಲ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಎಲ್ಲರೂ ನಿಜ ಹೇಳಿದರು, ಒಬ್ಬಳ ಬದುಕು ಅಳಿಸಿಹೋಯಿತು.

ಮೊದಲ ತಿಂಗಳುಗಳು ಚೆನ್ನಾಗಿದ್ದವು, ಅದನ್ನು ಮುಚ್ಚಿಡಲಾರೆ. ದರ ಸಂತೆಗಿಂತ ಮೇಲಿತ್ತು. ಸಂಜೆಯೊಳಗೆ ಫೋನು ಟಣ್ ಎನ್ನುತ್ತಿತ್ತು. ಮಾಮಾ ಬ್ಯಾಂಕಿಗೆ ಹೋಗಿ ತಂದು, ಅವ್ವನ ಕುರಿಗಳದ್ದನ್ನು ಅವಳಿಗೆ ಕೊಟ್ಟ. "ನೋಡಿದೇನ ತಂಗೀ, ಕಾಸಿಮನ ಬೆರಳು ಉಳೀತು" ಎಂದು ಖುಷಿಪಟ್ಟ. ಅವ್ವನೂ ಖುಷಿಪಟ್ಟಳು. ನಾನು ಕ್ಲಾಸಿನಲ್ಲಿ ನನ್ನ ಮನೆಯದೇ ಉದಾಹರಣೆ ಕೊಟ್ಟೆ.

ಕಿವಿಗಳು ಮಾತ್ರ ಕೀತವು. ಮಳೆ ಬಿಡದೆ ಹಿಡಿದಿತ್ತು. ಬಿಲ್ಲೆಯ ತೂತಿನಲ್ಲಿ ನೀರು ಇಳಿದು ಹುಳ ಬಿದ್ದವು. ಸೀಳಿದ ಕಿವಿಗಳು ಇನ್ನೂ ಹರಿದವು. ಅವ್ವ ಹೊತ್ತು ಮುಳುಗುವ ತನಕ ಕೂತು ಅರಿಶಿನ, ಬೇವಿನೆಣ್ಣೆ ಹಚ್ಚುತ್ತಿದ್ದಳು. ಮಹೇಶನಿಗೆ ಹೇಳಿದರೆ, "ಬಿಲ್ಲೆ ತೆಗೀಬ್ಯಾಡ್ರಿ ಯಮ್ಮಾ, ತೆಗದ್ರ ಕುರಿ ಇಲ್ಲಂತ ತೋರಿಸ್ತದ" ಅಂದ.

"ಕಣ್ಣ ಮುಂದ ಒದರಾಕತ್ಯಾವ, ಇಲ್ಲಂತ ಹ್ಯಾಂಗ ತೋರಿಸ್ತದೋ?"

"ಹಲಗೀಗೆ ಕಿವಿ ಕೇಳಂಗಿಲ್ರೀ" ಎಂದು ನಕ್ಕ. ಒಳ್ಳೆಯ ಹುಡುಗ. ಅವನ ಮೇಲೂ ನನಗೆ ಸಿಟ್ಟಿತ್ತು, ಈಗ ಕಡಿಮೆಯಾಗಿದೆ.

ಒಂದು ಮಧ್ಯಾಹ್ನ ಕಾಸಿಂಸಾಬ್ ಬಂದ. ಮಾರುವುದು ಕೊಳ್ಳುವುದು ಏನೂ ಇರಲಿಲ್ಲ, ಸುಮ್ಮನೆ ಬಂದಿದ್ದ. ಚಹಾ ಕುಡಿದು, ಕುರಿಗಳ ಬಿಲ್ಲೆ ನೋಡಿ, "ಅರೇ ಬೀರಪ್ಪಾ, ನಿನ್ನ ಕುರಿ ಎಲ್ಲಾ ಸಾಲೀ ಹುಡುಗ್ರಾಗ್ಯಾವಲ್ಲೋ, ಕಾರ್ಡ್ ಹಾಕ್ಕೊಂಡಾವ" ಅಂದ. ಹೊರಡುವಾಗ ಅವ್ವನ ಕಡೆ ತಿರುಗಿ, "ಭೀಮವ್ವ, ನಿನ್ನ ಹಿಸಾಬ್ ಬ್ಯಾರೆ ಇಟ್ಟಾರಿಲ್ಲೋ?" ಎಂದು ಕೇಳಿದ. ಮಾಮಾನಿಗೆ ಸಿಟ್ಟು ಬಂತು. "ನಮ್ಮ ಮನ್ಯಾಗ ಕಡ್ಡಿ ಆಡಸಬ್ಯಾಡ ಸಾಬಾ. ನಿನ್ನ ಹೊಟ್ಟೀಗೆ ಬೆಂಕಿ ಬಿದ್ದದ, ಅದಕ ಬಂದೀದಿ." ಬೆಂಕಿ ಬಿದ್ದಿದ್ದೂ ನಿಜವೇ. ಅವನು ವಲ್ಲಿ ಝಾಡಿಸಿ ಎದ್ದುಹೋದ.

ಅದಾದ ಮೇಲೆ ನಕ್ಷತ್ರ ಬಂತು. ಹಿಂಡು ಒಂದು ಗಾತ್ರ ದಾಟಿದರೆ ಟ್ಯಾಬಿನಲ್ಲಿ ಯಜಮಾನನ ಫೋಟೋದ ಪಕ್ಕ ಬಂಗಾರದ ಬಣ್ಣದ ನಕ್ಷತ್ರ ಮೂಡುತ್ತಿತ್ತು. ನಕ್ಷತ್ರ ಇದ್ದವರಿಗೆ ಕಿಲೋಗೆ ಹೆಚ್ಚು ದರ, ಲಾರಿ ಮೊದಲು ಅವರ ದಡ್ಡಿಗೆ. ಮಾಮಾನಿಗೆ ನಕ್ಷತ್ರ ಬಂತು. ಅವ್ವನ ಕುರಿ ಸೇರಿದ್ದರಿಂದ ಬಂತು. ಮಹೇಶ ತೋರಿಸಿದಾಗ ಮಾಮಾ ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದ. ಓದಲು ಬಾರದ ಮನುಷ್ಯ. ತನ್ನ ಮುಖ, ಪಕ್ಕದಲ್ಲಿ ನಕ್ಷತ್ರ, ಕೆಳಗೆ ಉದ್ದಕ್ಕೆ ಸಾಲುಗಟ್ಟಿ ನಿಂತ ಕುರಿಗಳ ಫೋಟೋ. ಅಷ್ಟು ಕುರಿ ಒಟ್ಟಿಗೆ, ತನ್ನ ಮುಖದ ಕೆಳಗೆ, ಅವನು ಯಾವತ್ತೂ ನೋಡಿರಲಿಲ್ಲ. ದಡ್ಡಿಯಲ್ಲಿ ಕುರಿ ಸಾಲಾಗಿ ನಿಲ್ಲುವುದಿಲ್ಲ, ಒಂದರೊಳಗೊಂದು ಸೇರಿಕೊಂಡಿರುತ್ತವೆ. ನನ್ನ ಅಂದಾಜು ಸರಿಯೋ ತಪ್ಪೋ ಗೊತ್ತಿಲ್ಲ, ಆದರೆ ನನ್ನ ಮಾಮಾ ಬದಲಾದದ್ದು ಆ ಗಳಿಗೆಯಲ್ಲೇ ಎಂದು ನಾನು ನಂಬಿದ್ದೇನೆ. ಮರುವಾರದಿಂದ ಅವ್ವನ ರೊಕ್ಕ ತಡವಾಗತೊಡಗಿತು. ಮೊದಲು "ಬ್ಯಾಂಕ್ ಬಂದ್ ಇತ್ತು". ಆಮೇಲೆ "ಮನೀ ಮ್ಯಾಲಿನ ತಗಡು ಹಾಕಸೂದೈತಿ". ಆಮೇಲೆ ಕೇಳಿದರೆ ಸಿಡುಕು.

ಶ್ರಾವಣ ಮುಗಿದು ಹುಬ್ಬಿ ಮಳೆ ಹಿಡಿದ ಹೊತ್ತಿಗೆ ಅವ್ವ ಮಹೇಶನನ್ನೇ ಹಿಡಿದಳು. "ನನ್ನವು ನನ್ನ ಹೆಸರಿಗೆ ಹಾಕೋ ತಮ್ಮಾ. ಕಿವಿ ಸೀಳಿದವು ಎಲ್ಲಾ ನನ್ನವು. ಯಾರನ್ನ ಬೇಕಾದ್ರ ಕೇಳು."

ಮಹೇಶ ಟ್ಯಾಬನ್ನು ಅತ್ತಿತ್ತ ಒತ್ತಿದ. "ಯಮ್ಮಾ, ಒಂದು ಹಿಂಡಿನ್ಯಾಗ ಇಬ್ಬರು ಯಜಮಾನ್ರು ಇದರಾಗ ಕೂಡಂಗಿಲ್ರೀ. ನೀವು ಹಿಂಡು ಒಡೀಬೇಕು. ಬ್ಯಾರೆ ದಡ್ಡಿ, ಬ್ಯಾರೆ ಜಾಗ. ಆವಾಗ ಹಾಕ್ತೇನಿ."

ಹಿಂಡು ಒಡೆಯುವುದು ಎಂದರೇನು ಎಂದು ಬಳಿಚಕ್ರದ ಮಳೆಬೇಸಾಯದ ಹುಡುಗನಿಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಹಿಂಡು ಒಡೆಯುವುದು ಮನೆ ಒಡೆದಾಗ ಮಾತ್ರ. ಒಡೆದವರು ಒಬ್ಬರ ಒಲೆಯ ಮೇಲೆ ಇನ್ನೊಬ್ಬರು ಉಣ್ಣುವುದಿಲ್ಲ. ತಂಗಿ ಹಿಂಡು ಒಡೆದಳು ಎಂದರೆ ಅವಳಿಗೆ ತವರು ತೀರಿತು ಎಂದೇ. ಅಂದರೆ, ಮೊದಲಿನಿಂದ ತನ್ನದೇ ಆಗಿದ್ದನ್ನು ತನ್ನದೆಂದು ಬರೆಸಿಕೊಳ್ಳಲು ಅವಳು ಅಣ್ಣನನ್ನು ಬಿಡಬೇಕಿತ್ತು.

ನಾನು ಕಂಪನಿಯ ನಂಬರಿಗೆ ಫೋನು ಮಾಡಿದೆ. ನನ್ನ ಎಂ.ಕಾಂ. ಕೆಲಸಕ್ಕೆ ಬರಲಿ ಎಂದು. ಬಹಳ ಹೊತ್ತು ಹಾಡು ಕೇಳಿಸಿದ ಮೇಲೆ ಒಬ್ಬ ಹೆಣ್ಣುಮಗಳು ಬೆಂಗಳೂರಿನ ಕನ್ನಡದಲ್ಲಿ ತುಂಬ ವಿನಯದಿಂದ ಮಾತಾಡಿದಳು. ನಾನು ರೂಢಿಯನ್ನೆಲ್ಲ ವಿವರಿಸಿದೆ. ಅವಳು ಕೇಳಿದಳು, "ಹಾಗಾದ್ರೆ ನಿಮ್ಮ ತಾಯಿ ಬೀರಪ್ಪ ಅವ್ರ ಹತ್ರ ಕೆಲಸ ಮಾಡ್ತಾರಾ ಮೇಡಂ? ಕೂಲಿಯವರು ಅಂತ ಸೇರಿಸೋಕೆ ಆಪ್ಷನ್ ಇದೆ."

ಫೋನು ಇಟ್ಟೆ. ಅವತ್ತು ನಾನು ಬೈದ ಬೈಗುಳ ದಿನಚರಿಯಲ್ಲಿಲ್ಲ, ಆದರೆ ಮರೆತಿಲ್ಲ. ಒಡತಿಗೆ ಜಾಗವಿಲ್ಲ, ಕೂಲಿಗೆ ಜಾಗವಿದೆ. ಆ ಪಟ್ಟಿ ಮಾಡಿದವರು ಯಾವುದೋ ತಂಪಾದ ಕೋಣೆಯಲ್ಲಿ ಕೂತು, ಕುರಿಗೊಬ್ಬ ಯಜಮಾನ, ಯಜಮಾನನಿಗೊಬ್ಬ ಕೂಲಿ, ಇಷ್ಟೇ ಲೋಕ ಎಂದು ತೀರ್ಮಾನಿಸಿದ್ದರು. ಅವರಿಗೆ ದ್ವೇಷವೂ ಇರಲಿಲ್ಲ. ಅವ್ವನ ಮೇಲೆ ದ್ವೇಷವಿದ್ದರೆ ಅವ್ವ ಇದ್ದಾಳೆಂದಾದರೂ ಗೊತ್ತಿರುತ್ತಿತ್ತು.

ದಸರೆಯ ಮಾರ್ನಮಿ ಹತ್ತಿರ ಬಂತು. ವರ್ಷದಲ್ಲಿ ಕುರಿಗೆ ಅತಿ ಹೆಚ್ಚು ಬೆಲೆ ಬರುವ ಹೊತ್ತು. ನಕ್ಷತ್ರದ ದಡ್ಡಿಯೆಂದು ಲಾರಿ ಮೊದಲು ನಮ್ಮಲ್ಲಿಗೇ ಬಂತು. ಯಾವ ಕುರಿ ಹೋಗಬೇಕೆಂದು ಮಾಮಾ ಆರಿಸಲಿಲ್ಲ, ಟ್ಯಾಬೇ ತೂಕ ನೋಡಿ ಬಿಲ್ಲೆಯ ನಂಬರು ಹೇಳುತ್ತಿತ್ತು. ಮಹೇಶ ಕೂಗುತ್ತಿದ್ದ, ಕೂಲಿಗಳು ಹಿಡಿದೆತ್ತಿ ಲಾರಿಗೆ ಹಾಕುತ್ತಿದ್ದರು. ಹೋಗುತ್ತಿದ್ದವುಗಳಲ್ಲಿ ಬಹಳವು ಅವ್ವನವು. ಅವ್ವ ಮೇವು ಹೊತ್ತು ತಂದು ಸಾಕಿದವು, ತೂಕ ಬಂದಿತ್ತು.

ಅವ್ವ ಮಾಮಾನ ಮುಂದೆ ಹೋಗಿ ನಿಂತಳು. ಆ ದಿನ ನಾನು ಅಲ್ಲೇ ಇದ್ದೆ, ಅದರಲ್ಲಿ ಅನುಮಾನವಿಲ್ಲ.

"ಯಣ್ಣಾ, ಇವು ನನ್ನವು. ಈ ಸಲ ರೊಕ್ಕ ನನ್ನ ಕೈಗೆ ಬರಬೇಕು. ಇಲ್ಲಂದ್ರ ಇಳಸು."

"ಮಂದಿ ಮುಂದ ಯಾಕ ಒದರಾಕತ್ತೀ? ಮನ್ಯಾಗ ಮಾತಾಡೋಣ ನಡಿ."

"ಮನ್ಯಾಗ ಮಾತಾಡಿ ಸಾಕಾಗ್ಯಾದ. ನನ್ನವು ಅಂತ ಇಲ್ಲೇ ಹೇಳು."

ಮಾಮಾ ಸುತ್ತ ನೋಡಿದ. ಲಾರಿಯವರು, ಪಕ್ಕದ ದಡ್ಡಿಯವರು, ಎಲ್ಲರೂ ಇವನನ್ನೇ ನೋಡುತ್ತಿದ್ದರು. ಮಹೇಶನ ಕೈಯಿಂದ ಟ್ಯಾಬನ್ನು ಕಿತ್ತುಕೊಂಡು ಅವ್ವನ ಮುಖದ ಮುಂದೆ ಹಿಡಿದ. "ಇಲ್ಲಿ ಎಲ್ಲಾ ನನ್ನ ಹೆಸರಿಲೇ ಐತಿ. ನಿಂದು ಯಾವುದು, ತೋರಿಸು. ಬಟ್ಟಿಟ್ಟು ತೋರಿಸು."

ಹೇಳಿದ ಕೂಡಲೇ ಅವನ ಮುಖ ಹೆದರಿದಂತಾಯಿತು. ಅಥವಾ ಹಾಗಾಗಿರಲಿ ಎಂದು ನನಗೆ ಆಸೆ.

ಅವ್ವ ಟ್ಯಾಬನ್ನು ನೋಡಲಿಲ್ಲ. ಗುಡಿಸಲಿಗೆ ಹೋಗಿ ಉಣ್ಣೆ ಕತ್ತರಿಸುವ ಕತ್ತರಿ ತಂದಳು. ದಡ್ಡಿಯಲ್ಲಿ ಉಳಿದಿದ್ದ ತನ್ನ ಕುರಿಗಳನ್ನು ಒಂದೊಂದಾಗಿ ಮೊಣಕಾಲ ನಡುವೆ ಹಿಡಿದು ಕಿವಿಯ ಬಿಲ್ಲೆ ಕತ್ತರಿಸಿದಳು. ಆಮೇಲೆ ಲಾರಿ ಹತ್ತಿದಳು. ಬಯಲುಸೀಮೆಯ ಐವತ್ತು ದಾಟಿದ ಹೆಂಗಸು, ಕಚ್ಚೆ ಬಿಗಿದು ಲಾರಿ ಹತ್ತಿದ್ದನ್ನು ಬೋನಾಳ ಇನ್ನೂ ಹೇಳುತ್ತದೆ. "ಯಮ್ಮಾ, ಬ್ಯಾಡ್ರೀ, ಎಲ್ಲಾ ಕೆಂಪು ತೋರಿಸಾಕತ್ತದ, ನನ್ನ ನೌಕರಿ ಹೋಗ್ತದ್ರೀ!" ಎಂದು ಮಹೇಶ ಅಳುವಂತೆ ಕೂಗುತ್ತಿದ್ದ. ನಾನೂ ಹತ್ತಿದೆ. ಇಬ್ಬರೂ ಸೇರಿ ಅವ್ವನವನ್ನು ಇಳಿಸಿದೆವು. ಯಾರೂ ತಡೆಯಲಿಲ್ಲ, ಮಾಮಾನೂ ತಡೆಯಲಿಲ್ಲ. ಅವನು ಟ್ಯಾಬು ಹಿಡಿದುಕೊಂಡೇ ನಿಂತಿದ್ದ. ಅದರಲ್ಲಿ ನಕ್ಷತ್ರ ಹೋಗಿತ್ತು.

ಕೆರೆಯ ಆಚೆ ದಂಡೆಗೆ ಕುರಿ ಹೊಡೆದುಕೊಂಡು ಹೋಗುವಾಗ ಅವ್ವ ಅಳಲಿಲ್ಲ. "ಒಡದೆ" ಎಂದು ಒಂದೇ ಸಲ ಅಂದಳು. ನನಗೆ ಹೇಳಿದಳೋ ಕುರಿಗಳಿಗೆ ಹೇಳಿದಳೋ ತಿಳಿಯಲಿಲ್ಲ.

ಮುಂದಿನ ಮಳೆಗಾಲ ಮುಗಿಯುವುದರೊಳಗೆ ಕಂಪನಿ ಬರುವುದನ್ನೇ ನಿಲ್ಲಿಸಿತು. ಯಾಕೆಂದು ಯಾರಿಗೂ ಹೇಳಲಿಲ್ಲ. ಫೋನು ಮಾಡಿದರೆ ಹಾಡೂ ಬರುತ್ತಿರಲಿಲ್ಲ. ಮಹೇಶ ಈಗ ಒಂದು ಟೈರಿನ ಅಂಗಡಿಯಲ್ಲಿದ್ದಾನೆ, ಎದುರಾದರೆ ತಲೆ ತಗ್ಗಿಸುತ್ತಾನೆ. ಸುರಪುರದ ಸಂತೆ ಮತ್ತೆ ಕೂಡುತ್ತದೆ, ಅರ್ಧ. ಕಾಸಿಂಸಾಬ್ ಮಗಳ ಊರಿಗೆ ಹೋಗಿಬಿಟ್ಟ. ಹೊಸ ದಲಾಲಿಗಳು ಬಾಯಿಬಿಟ್ಟೇ ದರ ಹೇಳುತ್ತಾರೆ, ಕಿವಿ ನೋಡುವುದಿಲ್ಲ. ನಾನು ಈಗಲೂ ಆ ಪಾಠ ಮಾಡುತ್ತೇನೆ. ಹೊಸದು ಬಂದು ಹಳೆಯದನ್ನು ಬುಡಮೇಲು ಮಾಡುತ್ತದೆ ಎನ್ನುವ ತನಕ ಪುಸ್ತಕ ಸರಿಯಾಗಿಯೇ ಇದೆ. ಹೊಸದು ಎರಡೇ ಮಳೆಗಾಲಕ್ಕೆ ಗಂಟುಮೂಟೆ ಕಟ್ಟಿ ಹೋದರೆ, ಬುಡಮೇಲಾದದ್ದು ತಾನಾಗಿ ನೆಟ್ಟಗೆ ನಿಲ್ಲುವುದಿಲ್ಲ ಎನ್ನುವುದನ್ನು ಅದರಲ್ಲಿ ಬರೆದಿಲ್ಲ.

ಮೊನ್ನೆ ಭಾನುವಾರ ಬೋನಾಳಕ್ಕೆ ಹೋಗಿದ್ದೆ. ಸಂಜೆಗೆ ಎರಡೂ ಹಿಂಡು ನೀರಿಗೆ ಇಳಿದವು, ಮಾಮಾನದು ಈಚೆಯಿಂದ, ಅವ್ವನದು ಆಚೆಯಿಂದ. ಕುರಿಗಳಿಗೆ ಒಡೆದದ್ದು ಗೊತ್ತಿಲ್ಲ. ನೀರಿನಂಚಿಗೆ ಬಂದ ಕೂಡಲೇ ಓಡಿಹೋಗಿ ಒಂದರೊಳಗೊಂದು ಸೇರಿಬಿಟ್ಟವು. ಮುದುಕ ಮುದುಕಿ ಇಬ್ಬರೂ ಕೋಲು ಹಿಡಿದು ಬೇರ್ಪಡಿಸಲು ನಿಂತರು. ದಿನವೂ ಇದೇ ಕೆಲಸವಂತೆ. ನೇರ ಮಾತಿಲ್ಲ, ಕುರಿಗಳಿಗೆ ಹೇಳುತ್ತಾರೆ.

"ನಡಿಯವ್ವಾ ಇತ್ತ" ಎಂದಳು ಅವ್ವ ಒಂದು ಕುರಿಗೆ. "ಆ ಕಡೆ ಸಾಹುಕಾರ್ರು ಅದಾರ. ನಮ್ಮಂಥವರ ಗುರುತು ಅವರಿಗೆ ಹತ್ತಂಗಿಲ್ಲ."

"ಬಾರಲೇ ಹಿಂದಕ" ಎಂದ ಮಾಮಾ ತನ್ನ ಟಗರಿಗೆ. "ಆಕೀ ಹತ್ರ ಕತ್ರಿ ಐತಿ, ನಿನ್ನ ಕಿವಿ ಉಳ್ಯಂಗಿಲ್ಲ."

ನನಗೆ ತಡೆಯಲಾಗಲಿಲ್ಲ. "ಆ ಕಂಪನಿ ಹೋಗಿ ಎಷ್ಟು ದಿನಾತು! ಇನ್ನರೆ ಕೂಡಿಸ್ರಿ ಇಬ್ಬರೂ" ಎಂದು ಕೂಗಿದೆ.

"ಕಂಪನಿ ಹೋಗ್ಯಾದ" ಎಂದಳು ಅವ್ವ, ನನ್ನ ಕಡೆ ನೋಡಿ. "ಅಂವ ಅಂದ ಮಾತು ಹೋಗ್ಯಾದೇನು?"

ಮಾಮಾ ಕೋಲು ನೆಲಕ್ಕೂರಿ ನಿಂತ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಟಗರನ್ನು ಬಿಟ್ಟು ತಂಗಿಯ ಕಡೆಗೇ ತಿರುಗಿ ಹೇಳಿದ. "ನಾ ಎಲ್ಲಿ ಅಂದೇನಿ ಭೀಮೀ? ಆ ಹಲಗಿ ಅಂದಿತ್ತು."

"ಹಲಗೀಗೆ ಬಾಯಿ ಎಲ್ಲಿತ್ತೋ ಯಣ್ಣಾ?" ಎಂದಳು ಅವ್ವ. ಸೀರೆ ಮೇಲೆತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದು, ತನ್ನ ಕುರಿಗಳನ್ನು ಒಂದೊಂದಾಗಿ ಅವನ ಹಿಂಡಿನಿಂದ ಎಳೆದುಕೊಳ್ಳತೊಡಗಿದಳು.